ಆರನೆಯ ಸೀಳು

ಬುಧವಾರ, ರವಿವಾರ ಜುನಾ ಬಾಜಾರಿನಲ್ಲಿ
ನನ್ನ ತಾಡಪತ್ರಿಯ ಮೇಲೆ ಏನುಂಟು ಏನಿಲ್ಲ:
ನಿಂತ ಗಡಿಯಾರ, ಹಿಡಿಕೆಯಿಲ್ಲದ ಇಸ್ತ್ರಿಪೆಟ್ಟಿಗೆ,
ಯಾರದೋ ಮದುವೆಯ, ಬೆಳ್ಳಿಯಲ್ಲದ ಬೆಳ್ಳಿತಟ್ಟೆ.
ಇಲ್ಲದ್ದು ಒಂದೇ. ಅದನ್ನೇ ಕೇಳುತ್ತಾರೆ.

"ಬಿದಿರಿನ ಗಾಳದ ಕೋಲು ಬಂತೇನು?
ಆರು ಮುಖದ್ದು, ಕೈಯಲ್ಲಿ ಮಾಡಿದ್ದು,
ಬುಡಕ್ಕೆ ಮಸಿಯಲ್ಲಿ ನಂಬರು ಬರೆದದ್ದು?"
ಕಾರಿನಿಂದ ಇಳಿಯದೆ ಕೇಳುವವರು,
ಇಳಿದು, ಚಹಾ ಕುಡಿಸಿ ಕೇಳುವವರು.
ಇಪ್ಪತ್ತೆರಡು ವರ್ಷದಲ್ಲಿ ನಾನು ಕಂಡದ್ದು ಎರಡು.
ಒಂದು ಮುರಿದಿತ್ತು.

ಮಾಡಿದವ ಬುರುಡ ಆಳಿಯ ಗುರಲಿಂಗ ಮೇದಾರ,
ಅಥಣಿ ಕಡೆಯವ. ಮೊರ ಹೆಣೆದ, ಏಣಿ ಕಟ್ಟಿದ,
ಪೇಟೆಯ ಹೆಣಗಳಿಗೆ ಚಟ್ಟದ ಬೊಂಬು ಮಾರಿದ.
ಖಡಕಿಯ ಯಾವನೋ ಸಾಹೇಬ ಒಮ್ಮೆ
ಮುರಿದ ಕೋಲು ತಂದು "ಜೋಡಿಸು" ಅಂದರೆ
ಜೋಡಿಸುವ ಮೊದಲು ಪೂರ್ತಿ ಬಿಚ್ಚಿ ನೋಡಿದನಂತೆ.
ಒಂದೇ ಬಿದಿರು, ಆರು ಸೀಳು,
ಸಿಪ್ಪೆ ಹೊರಗೆ, ಮೊನೆ ಒಳಗೆ,
ನಡುವೆ ಕೂದಲು ತೂರದ ಹಾಗೆ.
ಅಂದಿನಿಂದ ಸಾಯುವ ತನಕ ಹದಿನೇಳು ಮಾಡಿದ.
ಹದಿನೇಳೇ.
ಮೊರಗಳ ಲೆಕ್ಕ ಇಟ್ಟವರಿಲ್ಲ.

ಕೊಂಡವರು ಮಾರುವುದಿಲ್ಲ. ಅವರು ಸತ್ತರೆ
ಗೊತ್ತಿರುವ ಮಕ್ಕಳು ಮಾರುವುದಿಲ್ಲ.
ಗೊತ್ತಿಲ್ಲದವರ ಮನೆಯಲ್ಲಿ
ಪರದೆಯ ಸರಳಾಗಿ, ಜೇಡರ ಬಲೆ ತೆಗೆಯುವ ಕೋಲಾಗಿ
ಎಲ್ಲೋ ಮೂಲೆ ಹಿಡಿದು ಬದುಕಿರಬಹುದು.
ಕಂಡವರ ಮನೆಯ ಮೂಲೆ ನೋಡುವ ಚಟ
ನನಗೆ ಹತ್ತಿದ್ದು ಹೀಗೆ.

ಹೋದ ಚೈತ್ರದಲ್ಲಿ ಹನ್ನೊಂದನೆಯದು ಬಂತು.
ಕ್ಯಾಂಪಿನ ಖುರ್ಷೆದ್‌ಬಾಯಿ ಮನೆ ಖಾಲಿ ಮಾಡುವಾಗ
ಛತ್ರಿಗಳ ಜೊತೆ ಕಟ್ಟಿಟ್ಟಿದ್ದಳು.
ಬಾಣೇರಿನ ತರುಣನಿಗೆ ಒಂದು ಲಕ್ಷ ಹತ್ತು ಸಾವಿರ ಅಂದೆ.
ಕೆಮ್ಮಲಿಲ್ಲ. "ಅಸಲಿ ಅಂತ ಹೇಳುವವರು ಯಾರು?"

ಹೇಳುವವ ಒಬ್ಬನೇ. ಮಗ ಸಿದರಾಯ.
ಗಣಪತಿ ಮಂಟಪಗಳಿಗೆ ಬೊಂಬು ಬಾಡಿಗೆ ಕೊಡುತ್ತಾನೆ.
ಅಪ್ಪನ ಕೋಲು ಒಂದೂ ಮನೆಯಲ್ಲಿ ಉಳಿದಿಲ್ಲ,
ಮಾಡಿದ ವಾರವೇ ಬಾಡಿಗೆಗೋ ಜ್ವರಕ್ಕೋ ಹೋಗುತ್ತಿತ್ತು.
ಬಂದ. ಚಪ್ಪಲಿ ಬಿಟ್ಟ,
ಬಿಡುವಂಥ ಜಾಗವಲ್ಲ ಅದು, ಬರೀ ಫುಟ್‌ಪಾತು.

ಎರಡು ತುಂಡು ಜೋಡಿಸಿದ. ಹಿತ್ತಾಳೆ ಚಿಟ್ ಎಂದಿತು.
ಒಮ್ಮೆ ಬೀಸಿದ:
ಬುಡದಿಂದ ಹೊರಟ ಬಳುಕು ತುದಿತನಕ ಹೋಗಿ
ಏನೋ ಮರೆತವರ ಹಾಗೆ ತಿರುಗಿ ಬಂತು.
ಆಮೇಲೆ ಕಣ್ಣು ಮುಚ್ಚಿ ಹೆಬ್ಬೆರಳು ಜಾರಿಸಿದ.
ಒಂದು ಮುಖ. ಇನ್ನೊಂದು. ಮತ್ತೊಂದು.
ಆರನೆಯದರಲ್ಲಿ, ಮೂರನೆಯ ಗೆಣ್ಣಿನ ಹತ್ತಿರ
ಬೆರಳು ನಿಂತಿತು.
ಬಸ್ಸು ಹೋಯಿತು, ಇನ್ನೊಂದು ಬಸ್ಸು ಹೋಯಿತು.

"ಅಸಲಿ," ಅಂದ, ಮರಾಠಿಯಲ್ಲಿ, ಅವನಿಗೆ.
"ಗೋಡೆಗೆ ಅಡ್ಡ ಹಾಕಬೇಡಿ, ಬಾಗುತ್ತೆ.
ನೆಟ್ಟಗೆ ತೂಗಹಾಕಿ."

ಅವನು ಫೋನಿನಲ್ಲಿ ದುಡ್ಡು ಹಾಕುತ್ತ ಅತ್ತ ಸರಿದಾಗ
ಕನ್ನಡದಲ್ಲಿ, ನನಗಷ್ಟೇ:
"ಐದು ಸೀಳು ಅಪ್ಪಂದು. ಇದೊಂದು ನಂದು.
ಹನ್ನೆರಡು ವರ್ಷ ಆಗ ನನಗ. ಗೆಣ್ಣು ಜಾಸ್ತಿ ಉಜ್ಜಿಬಿಟ್ಟೆ.
ಅಪ್ಪ ಬೆಳಕಿಗೆ ಹಿಡದು ನೋಡಿದ. ಬೈಲಿಲ್ಲ.
ಅಂಟು ಹಚ್ಚಿ ದಾರ ಸುತ್ತಿದ."

ಹೇಳಿದ್ದರೆ ಇಪ್ಪತ್ತು ಸಾವಿರ ಇಳಿಯುತ್ತಿತ್ತು.
ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು, ದಲ್ಲಾಳಿ ಬಾಯಿ.
ಐನೂರರ ನೋಟು ಕೊಟ್ಟೆ. ರಿಕ್ಷಾಕ್ಕೆಂದು
ನೂರು ಚಿಲ್ಲರೆ ಮಾಡಿಸಿಕೊಂಡು ಉಳಿದದ್ದು ಬಿಟ್ಟು ಹೋದ.

ಮುಂದಿನ ಬುಧವಾರ ನೋಡಿದರೆ
ತಾಡಪತ್ರಿಯ ತುದಿಯಲ್ಲಿ ಕೂತಿದ್ದಾನೆ,
ನಿಂತ ಗಡಿಯಾರಕ್ಕೆ ಸುಮ್ಮನೆ ಕೀಲಿ ಕೊಡುತ್ತ.
"ಮತ್ತ್ಯಾವುದರ ಬಂತೇನು?
ಹದಿನಾಲ್ಕನೇದ್ರಾಗ
ಎರಡು ಸೀಳು ನನ್ನವು."